ಹೆಸರು ಬಿಟ್ಟು ಹೊಲ ಹಿಡಿಯಿರಿ: ನಿಜಾಮ್ ದಫ್ತರದಲ್ಲಿ ವಂಶಾವಳಿ ಹುಡುಕಿದ ನನ್ನ ಅನುಭವ

ರಾಯಚೂರು, ಕೊಪ್ಪಳ ಕಡೆಯ ಸಾಮಾನ್ಯ ಮನೆತನದ ವಂಶಾವಳಿ ಸರಕಾರಿ ಕಾಗದದಲ್ಲಿ ಮೂರು ತಲೆಮಾರಿನ ಆಚೆ ಸಿಗುವುದಿಲ್ಲ, ನಿಜಾಮರ ಹಳೆಯ ಕಡತಗಳಿರುವ ಹೈದರಾಬಾದಿನ ದಫ್ತರದಲ್ಲಿ ಇರುವುದೆಲ್ಲ ನವಾಬರ ಮತ್ತು ಜಾಗೀರದಾರರ ಹೆಸರು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೇಳಿದವರಲ್ಲಿ ವಕೀಲರೂ ಇದ್ದರು, ಇತಿಹಾಸ ಕಲಿಸುವವರೂ ಇದ್ದರು. ಈಗ ನಮ್ಮ ಮನೆತನದ ಎಂಟು ತಲೆಮಾರು ಸಾಲಾಗಿ ನಿಂತಿವೆ. ಅದರಲ್ಲಿ ಆರಕ್ಕೆ ದೃಢೀಕೃತ ನಕಲು ಕೈಯಲ್ಲಿದೆ. ನಮ್ಮದು ಲಿಂಗಸುಗೂರು ತಾಲ್ಲೂಕು, ದೇಸಾಯರ ಮನೆಯಲ್ಲ, ವಾಡೆಯಿಲ್ಲ. ಊರ ಗುಡಿಯ ಸೇವೆಗೆ ಬಿಟ್ಟ ಒಂದು ತುಂಡು ಇನಾಂ ಹೊಲ ಇತ್ತು. ಅಷ್ಟು ಸಾಕಾಯಿತು.

ಬಹಳ ಮಂದಿ ಮುತ್ತಜ್ಜನ ಹೆಸರು ಹಿಡಿದುಕೊಂಡು ಪತ್ರಾಗಾರಕ್ಕೆ ಹೋಗುತ್ತಾರೆ, ಬರಿಗೈಲಿ ಬರುತ್ತಾರೆ. ಅಲ್ಲಿ ರೈತರ ಹೆಸರಿನ ಅಕಾರಾದಿ ಪಟ್ಟಿ ಇಲ್ಲ. ಇದ್ದರೂ ಉಪಯೋಗವಿಲ್ಲ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ, ಹೀಗಾಗಿ ಒಂದೇ ಮನೆಯಲ್ಲಿ ಬಸಪ್ಪ, ಈರಪ್ಪ, ಬಸಪ್ಪ, ಈರಪ್ಪ ಎಂದು ನೂರೈವತ್ತು ವರ್ಷ ನಡೆದಿರುತ್ತದೆ. ಅಡ್ಡಹೆಸರು ಹಳೆಯ ಕಾಗದದಲ್ಲಿ ಬರುವುದೇ ಅಪರೂಪ. ಆದರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಸರ್ವೆ ನಂಬರು ಹಿಡಿದು ಹಿಂದಕ್ಕೆ ನಡೆದರೆ ಪ್ರತಿ ಮೆಟ್ಟಿಲಿನಲ್ಲೂ ಒಂದು ಹೆಸರು ತಾನಾಗಿ ಸಿಗುತ್ತದೆ.

ಈಗಿನ ಪಹಣಿಯಿಂದ ಶುರು ಮಾಡಿ. ಪೋಡಿ ಆಗಿ 112/2, 112/3 ಎಂದು ಒಡೆದಿದ್ದರೆ ಮೂಲ 112ಕ್ಕೆ ಬನ್ನಿ. ಅಲ್ಲಿಂದ ಕೈಬರಹದ ಪಹಣಿ, ಅದರ ಹಿಂದೆ 1954-55ರ ಖಾಸ್ರಾ ಪಹಣಿ. ನಮ್ಮ ಭಾಗಕ್ಕೆ ಇದು ಹೊಸಿಲು ಇದ್ದ ಹಾಗೆ. ಪಟ್ಟಾದಾರ ಯಾರು, ಕಬ್ಜೆ ಯಾರದು ಎರಡೂ ಬೇರೆ ಬೇರೆ ಅಂಕಣದಲ್ಲಿ ಇರುತ್ತವೆ. ಪಟ್ಟಾದಾರನ ಅಂಕಣದಲ್ಲಿ ಸತ್ತವರ ಹೆಸರು ಹಾಗೇ ಮುಂದುವರಿದಿರುವುದು ಸಾಮಾನ್ಯ, ಅದು ನಮಗೆ ಲಾಭವೇ: ಒಂದು ಸಾಲಿನಲ್ಲಿ ಎರಡು ತಲೆಮಾರು. ಖಾಸ್ರಾದ ಹಿಂದೆ ಸೇತ್ವಾರ್, ಅಂದರೆ ನಿಜಾಮ್ ಕಾಲದ ಸರ್ವೆಯ ಮೂಲ ದಾಖಲೆ. ಸೇತ್ವಾರ್ ಸಿಕ್ಕರೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಮುಟ್ಟಿದಿರಿ.

ಇಲ್ಲಿವರೆಗಿನ ಕೆಲಸ ತಾಲ್ಲೂಕಿನಲ್ಲೇ ಆಗುತ್ತದೆ. ಖಾಸ್ರಾದ ನಕಲಿಗೆ ದಲ್ಲಾಳಿ ಐದು ಸಾವಿರ ಕೇಳಿದ್ದ. ಅದೇ ಕಾಗದ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರಿಗೆ, ಪುಟಕ್ಕೆ ಎರಡು ರೂಪಾಯಿಯಂತೆ ಬಂತು. ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಖಾಸ್ರಾ, ಸೇತ್ವಾರ್, ಫೈಸಲ್ ಪಟ್ಟಿ (ವರ್ಷವರ್ಷದ ಬದಲಾವಣೆಯ ಪಟ್ಟಿ) ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. ರಿಕಾರ್ಡ್ ರೂಮಿನ ನೋಂದಣಿ ಪುಸ್ತಕದಲ್ಲಿ ಆ ಊರಿನ ಪುಟ ಮತ್ತು ನಾಶಪಡಿಸಿದ ಕಡತಗಳ ಪಟ್ಟಿ, ಇವೆರಡನ್ನು ಬೇರೆ ಅರ್ಜಿಯಲ್ಲಿ ಕೇಳಿ. ಹೆಚ್ಚಿನ ಸಲ ಈ ಎರಡನೇ ಅರ್ಜಿ ತಲುಪಿದ ಮೇಲೆ ಮೊದಲನೆಯ ಕಡತ ಸಿಗುತ್ತದೆ. ಮೇಲ್ಮನವಿಗೆ 30 ದಿನದ ಗಡುವು ಇದೆ, ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ತಾಲ್ಲೂಕಿನ ಹಳೆಯ ಕಡತಗಳನ್ನು ಈಗ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಉರ್ದು ಹಾಳೆಗಳು ತಲೆಕೆಳಗಾಗಿ, ಕೊನೆಯ ಪುಟ ಮೊದಲಾಗಿ ಸ್ಕ್ಯಾನ್ ಆಗಿರಬಹುದು, ಆದ್ದರಿಂದ ಪುಟ ಕೇಳುವಾಗ ಇಡೀ ಕಡತ ಕೇಳಿ.

ಇನ್ನು ನಿಜವಾದ ಗಣಿ. ಇನಾಂ ಹೊಲವಾಗಿದ್ದರೆ ಅದಕ್ಕೆ ನಿಜಾಮ್ ಸರಕಾರದ ಅತಿಯಾತ್ ಇಲಾಖೆಯಲ್ಲಿ (ಇನಾಂಗಳನ್ನು ನೋಡುವ ಇಲಾಖೆ) ವಿಚಾರಣೆ ನಡೆದಿರುತ್ತದೆ. ವಿಚಾರಣೆ ಮುಗಿದ ಮೇಲೆ ಕೊಟ್ಟ ಕಾಗದ ಮುಂತಖಬ್. ಇನಾಂದಾರ ಸತ್ತಾಗ ವಾರಸುದಾರರು ಹಾಕಿದ ಅರ್ಜಿಯ ಕಡತ ವಿರಾಸತ್. ಈ ವಿರಾಸತ್ ಕಡತದಲ್ಲಿ ಶಜರಾ ಎಂಬ ಹಾಳೆ ಇರುತ್ತದೆ, ಅದೇ ವಂಶವೃಕ್ಷ; ಮೂಲ ಪುರುಷನಿಂದ ಅರ್ಜಿದಾರನ ತನಕ. ಇದು ಗೌಡ, ಕುಲಕರ್ಣಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ತಳವಾರ, ನೀರಗಂಟಿ, ಬಡಿಗ, ಕಂಬಾರ, ಗುಡಿಯ ಪೂಜಾರಿ, ಓಲಗದವರು, ದರ್ಗಾದ ಮುಜಾವರ್, ಯಾರಿಗೆ ಒಂದು ಎಕರೆ ಬಿಟ್ಟಿದ್ದರೂ ಕಡತ ಹುಟ್ಟಿರುವ ಸಂಭವ ಇದೆ. ಸಂಪೂರ್ಣ ರೈತವಾರಿ ಪಟ್ಟಾ ಹೊಲದವರಿಗೆ ಇಷ್ಟು ಆಳ ಸಿಗುವುದು ಕಷ್ಟ. ಅವರು ತಾಯಿಯ ಕಡೆ ಅಥವಾ ಬೀಗರ ಕಡೆ ಇನಾಂ ಇತ್ತೇ ಎಂದು ವಿಚಾರಿಸುವುದು ಒಳ್ಳೆಯದು.

ಈ ಕಡತಗಳಿಗೆ ನಾನು ಹೋದದ್ದು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ. ಅದಕ್ಕೂ ಮೊದಲು ನಮ್ಮ ರಾಜ್ಯ ಪತ್ರಾಗಾರದ ಕಲಬುರಗಿ ವಿಭಾಗದಲ್ಲಿ ವಿಚಾರಿಸಿ, ಸಿಕ್ಕರೆ ಪ್ರಯಾಣ ಉಳಿಯಿತು. ತಾರ್ನಾಕಾಕ್ಕೆ ಹೋಗುವವರು ಒಂದು ಚೀಟಿಯಲ್ಲಿ ಐದು ಸಂಗತಿ ಉರ್ದುವಿನಲ್ಲಿ ಬರೆಸಿಕೊಂಡು ಹೋಗಿ: ಊರು, ತಾಲ್ಲೂಕು, ಜಿಲ್ಲೆ, ಇನಾಮಿನ ಬಗೆ, ಅಂದಾಜು ಫಸಲಿ (ಆಗಿನ ಕಂದಾಯದ ವರ್ಷ). ಜಿಲ್ಲೆಯ ಜಾಗದಲ್ಲಿ ಎಲ್ಲರೂ ರಾಯಚೂರು ಎಂದು ಬರೆಯುತ್ತಾರೆ, ಅಲ್ಲಿಗೇ ಕೆಲಸ ಕೆಟ್ಟಿತು. 1905ರ ತನಕ ಲಿಂಗಸುಗೂರೇ ಒಂದು ಜಿಲ್ಲೆ. ಕುಷ್ಟಗಿ, ಸಿಂಧನೂರು, ಗಂಗಾವತಿ ಕಡೆಯ ಹಳೆಯ ಕಡತ ಬೇಕಾದರೆ ‘ಜಿಲ್ಲಾ ಲಿಂಗಸುಗೂರು’ ಎಂದೇ ಕೇಳಬೇಕು. ಸುರಪುರ, ಶಹಾಪುರದವರಿಗೂ ಇದೇ ಮಾತು. ಕೊಪ್ಪಳ, ಯಲಬುರ್ಗಾ ಕಡೆಯ ಊರುಗಳು ಸಾಲಾರ್ ಜಂಗರ ಜಾಗೀರಿಗೆ ಸೇರಿದ್ದವು. ಜಾಗೀರಿನ ಆಡಳಿತ 1949ರ ತನಕ ಬೇರೆಯೇ ಇತ್ತು, ಹಾಗಾಗಿ ದೀವಾನಿ ಊರುಗಳ, ಅಂದರೆ ಸರಕಾರ ನೇರವಾಗಿ ಆಳುತ್ತಿದ್ದ ಊರುಗಳ ಪಟ್ಟಿಯಲ್ಲಿ ಅವನ್ನು ಹುಡುಕಿ ಸಮಯ ಕಳೆಯಬೇಡಿ.

ಇನ್ನೊಂದು ಕಿಟಕಿ ಇದೆ, ಬಹಳ ಜನ ನೋಡಿಲ್ಲ. 1853ರಿಂದ 1860ರ ತನಕ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು. ಆ ಏಳು ವರ್ಷದ ಪತ್ರವ್ಯವಹಾರ ಇಂಗ್ಲಿಷಿನಲ್ಲಿದೆ. ಹೈದರಾಬಾದಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ (ರೆಸಿಡೆನ್ಸಿಯ) ದಾಖಲೆಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅದರ ಅಭಿಲೇಖ ಪಟಲ್ ಜಾಲತಾಣದಲ್ಲಿ ಮನೆಯಲ್ಲೇ ಕುಳಿತು ಹುಡುಕಬಹುದು, ದುಡ್ಡಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಐದಾರು ಬಗೆ ಹಾಕಿ ನೋಡಬೇಕು. ರೈತನ ಹೆಸರು ಸಿಗುವುದು ಕಡಿಮೆ, ಆದರೆ ಊರಿನ ಇನಾಮಿನ ತಕರಾರು ಸಿಕ್ಕರೆ ಮುಂದಿನ ವಿರಾಸತ್ ಕಡತ ಯಾಕೆ ಹಾಗಿದೆ ಎಂದು ತಿಳಿಯುತ್ತದೆ.

ತಾರ್ನಾಕಾದ ಕಡತಗಳು ಬಟ್ಟೆಯ ಬಸ್ತಾದಲ್ಲಿ, ಅಂದರೆ ಗಂಟಿನಲ್ಲಿ, ಇರುತ್ತವೆ. ಮುಂತಖಬ್ ನಂಬರಿನಿಂದ ಬಸ್ತಾದ ನಂಬರಿಗೆ ಹೋಗುವ ಒಂದು ಹತ್ತಿರದ ದಾರಿ ಇದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಷ್ಟಪಟ್ಟು ಹುಡುಕಿದ್ದು, ಮೊದಲು ನಮ್ಮ ಬೀಗರ ಎರಡು ಮನೆತನದ ಕೆಲಸ ಮುಗಿಯಲಿ.

ಈಗ ಈ ಉರ್ದು ಕಡತ ಓದುವ ವಿಷಯ. ದುಡ್ಡು ಹೋಗುವುದು ಇಲ್ಲೇ. ನಕಲು, ಪ್ರಯಾಣ, ವಸತಿ ಎಲ್ಲ ಸೇರಿ ನನಗೆ ನಲವತ್ತು ಸಾವಿರದ ಆಸುಪಾಸು ಖರ್ಚಾಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಓದಿಸಿದ್ದಕ್ಕೆ. ಹಳೆಯ ಉರ್ದು ಓದಿಕೊಡುವ ಮುನ್ಶಿಗಳು ಪುಟಕ್ಕೆ ಇನ್ನೂರರಿಂದ ಮುನ್ನೂರು ಕೇಳುತ್ತಾರೆ. ಅಚ್ಚಿನ ಉರ್ದು ಬಂದವರೆಲ್ಲ ಶಿಕಸ್ತಾ ಎಂಬ ಅವಸರದ ಕೈಬರಹ ಓದಲಾರರು. ಮೊದಲು ಒಂದೇ ಪುಟ ಇಬ್ಬರಿಗೆ ಬೇರೆ ಬೇರೆ ಕೊಟ್ಟು ಓದಿಸಿ, ಹೆಸರುಗಳು ತಾಳೆಯಾದರೆ ಮಾತ್ರ ಪೂರ್ತಿ ಕಡತ ಕೊಡಿ. ಮತ್ತೆ, ಓದುವವರ ಪಕ್ಕ ನೀವು ಕೂಡಲೇಬೇಕು. ನಮ್ಮ ಹೆಸರುಗಳು ಅವರಿಗೆ ಗೊತ್ತಿಲ್ಲ.

ಒಂದು ಉದಾಹರಣೆ ನೋಡಿ. ಹಳೆಯ ಕೈಯಲ್ಲಿ ಗಾಫ್ ಅಕ್ಷರದ ಮೇಲಿನ ಎರಡನೇ ಗೀಟು ಎಳೆಯುತ್ತಿರಲಿಲ್ಲ, ಅದು ಕಾಫ್ ಆಗಿಯೇ ಕಾಣುತ್ತದೆ. ಇ-ಕಾರದಂಥ ಹ್ರಸ್ವ ಸ್ವರ ಬರೆಯುವ ರೂಢಿ ಇಲ್ಲ, ಒತ್ತಕ್ಷರವೂ ಇಲ್ಲ. ಹೀಗಾಗಿ ಕರಿಯಪ್ಪ, ಗಿರಿಯಪ್ಪ ಎರಡೂ ಒಂದೇ ಆಕಾರ. ಹೈದರಾಬಾದಿನ ಮುನ್ಶಿ ಒಂದೇ ಕಡತದಲ್ಲಿ ಒಮ್ಮೆ ಕರಿಯಪ್ಪ, ಇನ್ನೊಮ್ಮೆ ಗಿರಿಯಪ್ಪ ಎಂದು ಬರೆದುಕೊಟ್ಟರೆ ಇಬ್ಬರು ಅಣ್ಣತಮ್ಮಂದಿರು ಹುಟ್ಟಿಬಿಡುತ್ತಾರೆ! ತಿಪ್ಪಣ್ಣ ಇನ್ನೂ ಕಷ್ಟ: ತ, ಪ, ನ ಮೂರೂ ಒಂದೇ ಬಗೆಯ ಹಲ್ಲು, ಚುಕ್ಕಿಯಿಂದಲೇ ಬೇರೆ. ಶಿಕಸ್ತಾದಲ್ಲಿ ಚುಕ್ಕಿಯನ್ನೇ ಬಿಡುತ್ತಾರೆ. ಇಂಥಲ್ಲಿ ಮನಸ್ಸಿಗೆ ಬಂದಂತೆ ಊಹಿಸಬೇಡಿ. ಅದೇ ಕಡತದಲ್ಲಿ ಅರ್ಜಿದಾರನ ಕನ್ನಡ ಸಹಿ ಅಥವಾ ಪಟವಾರಿಯ (ಊರ ಲೆಕ್ಕ ಬರೆಯುವವನ) ಕನ್ನಡ ಷರಾ ಇರುತ್ತದೆಯೇ ನೋಡಿ. ಹೆಸರಿಗೆ ಸಹಿಯೇ ಸಾಕ್ಷಿ.

ಕೆಲವು ಶಬ್ದ ಬಾಯಿಪಾಠ ಆದರೆ ಮುನ್ಶಿ ಇಲ್ಲದೆಯೂ ಅರ್ಧ ಕೆಲಸ ಆಗುತ್ತದೆ. ವಲ್ದ್ ಎಂದರೆ ಇಂಥವರ ಮಗ, ಜೌಜೆ ಎಂದರೆ ಹೆಂಡತಿ, ಬೇವಾ ವಿಧವೆ, ಮುತಬನ್ನಾ ದತ್ತಕ, ಲಾವಲ್ದ್ ಮಕ್ಕಳಿಲ್ಲದವ, ನಾಬಾಲಿಗ್ ಅಪ್ರಾಪ್ತ, ಸಾಕಿನ್ ವಾಸದ ಊರು. ಮೊತ್ತಗಳು ರಖಂ ಲಿಪಿಯಲ್ಲಿ ಇರುತ್ತವೆ, ಅವು ಅಂಕಿಗಳಲ್ಲ, ಅರಬ್ಬಿ ಸಂಖ್ಯಾಪದಗಳನ್ನೇ ಮುರಿದು ಸುತ್ತಿದ ಗುರುತುಗಳು. ವಂಶಾವಳಿಗೆ ಅವು ಬೇಕಾಗಿಲ್ಲ, ಅದಕ್ಕೆ ದುಡ್ಡು ಕೊಟ್ಟು ಓದಿಸಬೇಡಿ. ಹಾಲಿ ಸಿಕ್ಕಾ (ನಿಜಾಮರದು), ಕಲ್ದಾರ್ (ಬ್ರಿಟಿಷರದು) ಎಂಬ ಎರಡು ನಾಣ್ಯ ಬರುತ್ತವೆ, ಏಳು ಹಾಲಿಗೆ ಆರು ಕಲ್ದಾರ್ ಎಂದು ನೆನಪಿಟ್ಟರೆ ಸಾಕು.

ಇಸವಿ ತಿಳಿಯಲು ಫಸಲಿಗೆ 590 ಕೂಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಸತ್ಯ. ನಿಜಾಮ್ ಕಾಲದ ಈ ಕಡತಗಳಲ್ಲಿ ವರ್ಷ ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ ಶುರು. ಆಜೂರ್, ದೈ, ಬಹಮನ್ ಈ ಮೂರಕ್ಕೆ 590, ಇಸ್ಫಂದಾರಿನಿಂದ ಮುಂದಿನ ಒಂಬತ್ತಕ್ಕೆ 591. ಫಸಲಿ 1312ರ ಖುರ್ದಾದ್ ಅಂದರೆ 1903ರ ಏಪ್ರಿಲ್ ಹೊತ್ತು. ಸಾವು ಒಂದು ವರ್ಷ ಆಚೀಚೆ ಆದರೆ ಮಗ ಅಪ್ಪ ಸಾಯುವ ಮೊದಲೇ ವಿರಾಸತ್ ಕೇಳಿದಂತೆ ಆಗುತ್ತದೆ, ಆಗ ಇಡೀ ಶಜರಾದ ಮೇಲೆಯೇ ಅನುಮಾನ ಬರುತ್ತದೆ. ವಯಸ್ಸಿನ ಅಂಕಿಗಳನ್ನಂತೂ ನಂಬಬೇಡಿ, ಎಲ್ಲರಿಗೂ ಐವತ್ತೋ ಅರವತ್ತೋ ಬರೆದಿರುತ್ತಾರೆ.

ಶಜರಾ ಸಿಕ್ಕಿತೆಂದು ಕಣ್ಣು ಮುಚ್ಚಿ ನಂಬುವುದೂ ಸರಿಯಲ್ಲ. ಅರ್ಜಿದಾರ ತನ್ನ ಪಾಲು ಹೆಚ್ಚಲಿ ಎಂದು ದಾಯಾದಿಗಳ ಕವಲನ್ನೇ ಬಿಟ್ಟಿರುತ್ತಾನೆ, ಇಲ್ಲವೇ ಬದುಕಿದ್ದ ಮನೆತನದ ಮುಂದೆ ಲಾವಲ್ದ್ ಎಂದು ಬರೆಸಿರುತ್ತಾನೆ. ಅದಕ್ಕೇ ತಕರಾರಿಲ್ಲದ ತೆಳ್ಳನೆಯ ಕಡತಕ್ಕಿಂತ ಉಜರ್‌ದಾರಿ (ಆಕ್ಷೇಪಣೆ) ಬಿದ್ದ ದಪ್ಪ ಕಡತ ಹುಡುಕಬೇಕು. ಅದರಲ್ಲಿ ಎರಡೂ ಕಡೆಯವರ ಶಜರಾ ಇರುತ್ತದೆ, ಊರ ಗೌಡ ಮತ್ತು ಪಟವಾರಿಯ ಬಯಾನ್ (ಹೇಳಿಕೆ) ಇರುತ್ತದೆ, ಹಿರಿಯರ ಸಾಕ್ಷಿ ಇರುತ್ತದೆ. ಎರಡು ಶಜರಾ ಎಲ್ಲಿ ಒಪ್ಪುತ್ತವೋ ಅದು ಗಟ್ಟಿ. ನಮ್ಮದರಲ್ಲಿ ಮೇಲಿನ ನಾಲ್ಕು ತಲೆಮಾರು ಹೀಗೆ ಗಟ್ಟಿಯಾದವು.

ಪರೀಕ್ಷೆಗೆಂದು ಹೆಳವರ ಪುಸ್ತಕದ ಜೊತೆಯೂ ತಾಳೆ ಹಾಕಿದೆ. ಸುಗ್ಗಿ ಮುಗಿದ ಮೇಲೆ ಬರುವ ಹೆಳವರು ನಮ್ಮ ಮನೆತನ ಹಾಡಿ ಹೇಳುವಾಗ ಮೊದಲು ಧ್ವನಿಮುದ್ರಣ ಮಾಡಿಕೊಂಡೆ, ಆಮೇಲೆ ಪುಸ್ತಕದ ಪುಟ ನೋಡಿದೆ. ನಮ್ಮ ಕಾಗದ ಮೊದಲೇ ತೋರಿಸಬಾರದು. ಹತ್ತಿರದ ಐದು ತಲೆಮಾರು ಹೆಸರಿಗೆ ಹೆಸರು ಕೂಡಿತು. ಶಜರಾದಲ್ಲಿ ಲಾವಲ್ದ್ ಎಂದಿದ್ದ ಒಬ್ಬರಿಗೆ ಹೆಳವರ ಲೆಕ್ಕದಲ್ಲಿ ಮಕ್ಕಳಿದ್ದರು, ಹೊಳೆ ದಾಟಿ ಸಿರುಗುಪ್ಪ ಕಡೆ ಹೋಗಿ ನೆಲೆಸಿದ್ದರು. ಹೆಳವರ ಮಾತು ದಂತಕತೆ ಎನ್ನುವವರು ಒಮ್ಮೆ ಹೀಗೆ ಕೂಡಿಸಿ ನೋಡಲಿ. ಅವರಿಗೆ ಸಲ್ಲಬೇಕಾದ ಕಾಳು, ಕಾಸು ತಪ್ಪದೆ ಕೊಡಿ.

ತುಂಗಭದ್ರೆ ದಾಟಿದರೆ ದಫ್ತರವೇ ಬೇರೆ. ಬಳ್ಳಾರಿ 1800ರಲ್ಲಿ ಕಂಪನಿಗೆ ಹೋಯಿತು, 1953ರ ತನಕ ಮದರಾಸಿನಲ್ಲಿತ್ತು. ಆ ಸಿರುಗುಪ್ಪದ ಕವಲಿಗಾಗಿ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದ ದಾರಿ ಹಿಡಿಯಬೇಕಾಯಿತು. ಅಲ್ಲಿ ಬೇಕಾದದ್ದು 1858ರಲ್ಲಿ ಶುರುವಾದ ಇನಾಂ ಕಮಿಷನ್ನಿನ ಫೇರ್ ರಿಜಿಸ್ಟರ್. ಅದರಲ್ಲಿ ಮೊದಲು ಇನಾಂ ಪಡೆದವರ ಹೆಸರು, ಹಳೆಯ ಲೆಕ್ಕದಲ್ಲಿದ್ದವರ ಹೆಸರು, ಆಗ ಅನುಭವಿಸುತ್ತಿದ್ದವರ ಹೆಸರು ಒಂದೇ ಸಾಲಿನಲ್ಲಿ ಅಡ್ಡಕ್ಕೆ ಬರುತ್ತವೆ. ಇಂಗ್ಲಿಷಿನಲ್ಲಿರುವುದರಿಂದ ಮುನ್ಶಿಯ ಖರ್ಚಿಲ್ಲ. ಕೀಲಿ ಮಾತ್ರ ಟೈಟಲ್ ಡೀಡ್ ನಂಬರು, ಅದು ರೀಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಸರ್ವೆ ನಂಬರಿನ ಎದುರು ಟಿ.ಡಿ. ಎಂದು ಇರುತ್ತದೆ. ಅದಿಲ್ಲದೆ ಚೆನ್ನೈ ರೈಲು ಹತ್ತಬೇಡಿ. ಸಂಡೂರಿನವರಿಗೆ ಇದು ಹೊಂದುವುದಿಲ್ಲ, ಅದು 1949ರ ತನಕ ಬೇರೆ ಸಂಸ್ಥಾನ. ಮದರಾಸ್ ಕಡೆಯ ಫಸಲಿ ಜುಲೈಗೆ ಶುರುವಾಗುತ್ತದೆ, ಮೇಲಿನ ತಿಂಗಳ ಲೆಕ್ಕ ನಡೆಯದು.

ಮಾಸಿದ ಹಾಳೆಗೆ ಒಂದೆರಡು ಪ್ರಯೋಗ ಮಾಡಿದೆ. ಹೆಸರಿನ ಮೇಲೆ ಕೆಂಪು ಮೊಹರು ಬಿದ್ದಿದ್ದರೆ ನಕಲನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಫೋಟೊ ತಿದ್ದುವ ತಂತ್ರಾಂಶದಲ್ಲಿ ಕೆಂಪು ಚಾನೆಲ್ ಮಾತ್ರ ಇಟ್ಟು ನೋಡಿ, ಮೊಹರು ಮಾಯವಾಗಿ ಅಕ್ಷರ ಉಳಿಯುತ್ತದೆ. ಕಂದು ತಿರುಗಿದ ಶಾಯಿಗೆ ನೀಲಿ ಚಾನೆಲ್. ಕಪ್ಪುಬಿಳುಪು ಜಿರಾಕ್ಸಿನಲ್ಲಿ ಇದ್ಯಾವುದೂ ಆಗುವುದಿಲ್ಲ, ಆದ್ದರಿಂದ ನಕಲು ಕೇಳುವಾಗಲೇ ಬಣ್ಣದ್ದು ಕೊಡುತ್ತಾರೆಯೇ ವಿಚಾರಿಸಿ. ಫೋನಿನ ಓದುವ ಆ್ಯಪ್‌ಗಳು ಅಚ್ಚಿನ ಉರ್ದುವನ್ನು ಚೆನ್ನಾಗಿಯೇ ಓದಿದವು, ಶಿಕಸ್ತಾಗೆ ಕೈ ಎತ್ತಿದವು.

ಉಳಿದದ್ದು ಹೆಣ್ಣುಮಕ್ಕಳ ಹೆಸರು. ಶಜರಾದಲ್ಲಿ ಅವರು ಬರುವುದು ಗಂಡು ಸಂತಾನ ಇಲ್ಲದಾಗ ಮಾತ್ರ. ನಾನು ಮಾಡಿದ್ದು ಇಷ್ಟು: ಕಡತದಲ್ಲಿ ಎಲ್ಲೆಲ್ಲಿ ಬೇವಾ, ಜೌಜೆ ಬಂದಿದೆಯೋ ಆ ಪುಟಗಳನ್ನು ಬೇರೆ ತೆಗೆದೆ. ಅಪ್ರಾಪ್ತ ಮಗನ ಪರವಾಗಿ ವಿಧವೆ ಕೊಟ್ಟ ಬಯಾನಿನಲ್ಲಿ ಅವಳ ಹೆಸರು, ಹೆಬ್ಬೆಟ್ಟು, ಕೆಲವೊಮ್ಮೆ ಜಾಮೀನು ನಿಂತ ಅವಳ ಅಣ್ಣನ ಊರು ಸಿಗುತ್ತದೆ. ಆ ಊರೇ ಅವಳ ತವರು. ತವರಿನವರಿಗೂ ಒಂದು ತುಂಡು ಇನಾಂ ಇದ್ದರೆ ಅಲ್ಲಿಯ ವಿರಾಸತ್ ಕಡತ ಕೇಳಬಹುದು. ಹೀಗೆ ನಮ್ಮ ಮನೆಗೆ ಬಂದ ನಾಲ್ವರು ಅಜ್ಜಿಯರ ಹೆಸರು, ಇಬ್ಬರ ತವರೂರು ಗೊತ್ತಾಗಿದೆ. ಒಬ್ಬರ ಊರು ಗದ್ವಾಲ ಕಡೆಯದು. ಆಗ ಅದು ರಾಯಚೂರು ಜಿಲ್ಲೆಯಲ್ಲೇ ಇತ್ತು, 1956ರಲ್ಲಿ ಆಂಧ್ರಕ್ಕೆ ಹೋಯಿತು. ಆ ಊರಿನ ಖಾಸ್ರಾಕ್ಕೆ ಅರ್ಜಿ ಹಾಕಿದ್ದೇನೆ.