ಹಳೇ ವಿ8 ಸಾಕೇ, ಹೊಸ ಟುಂಡ್ರಾ ಬೇಕೇ? ತೂಗಿ ನೋಡುವ ಬಗೆ

ಅಮೆರಿಕದಲ್ಲಿ ಟೊಯೊಟಾದ ದೊಡ್ಡ ಪಿಕಪ್ ಟ್ರಕ್ಕಾದ ಟುಂಡ್ರಾದ ಹಳೆಯ ಮಾಡೆಲ್ ಇಟ್ಟುಕೊಂಡವರ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: 5.7 ಲೀಟರಿನ ವಿ8 ಬಿಟ್ಟು ಹೊಸ ಟ್ವಿನ್ ಟರ್ಬೊ ವಿ6ಗೆ ಹೋಗಬೇಕೋ, ಇದ್ದದ್ದನ್ನೇ ಓಡಿಸಿಕೊಂಡಿರಬೇಕೋ. 2007ರಿಂದ 2021ರವರೆಗೆ ಹೆಚ್ಚೂಕಡಿಮೆ ಒಂದೇ ಅಡಿಪಾಯದ ಮೇಲೆ ನಿಂತಿದ್ದ ಟ್ರಕ್ಕನ್ನು ಟೊಯೊಟಾ 2022ರ ಮಾಡೆಲ್‌ನಲ್ಲಿ ಬುಡಸಮೇತ ಬದಲಿಸಿತು. ಎಂಜಿನ್, ಗೇರ್‌ಬಾಕ್ಸ್, ಫ್ರೇಮ್, ಹಿಂದಿನ ಸ್ಪ್ರಿಂಗು, ಸರಕು ಹೇರುವ ಬೆಡ್ಡು ಯಾವುದೂ ಹಳೆಯದಲ್ಲ. ಹೀಗಾಗಿ "ಅದೇ ಗಾಡಿ, ಸ್ವಲ್ಪ ಹೊಸದು" ಎಂದುಕೊಂಡು ಶೋರೂಮಿಗೆ ಹೋದರೆ ಲೆಕ್ಕ ತಪ್ಪುತ್ತದೆ.

ಗಾತ್ರದ ಅಂದಾಜಿಗೆ ಒಂದು ಮಾತು. ನಮ್ಮೂರಲ್ಲಿ ಪಿಕಪ್ ಎಂದರೆ ಟೊಮೇಟೊ ಕ್ರೇಟ್ ಹೊತ್ತ ಬೊಲೆರೊ. ಬಿಡದಿಯಲ್ಲಿ ಜೋಡಣೆಯಾಗುವ ಹೈಲಕ್ಸ್ ಕೂಡ ಟೊಯೊಟಾದ್ದೇ, ಆದರೆ ಅದು ಮಧ್ಯಮ ಗಾತ್ರದ್ದು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತಯಾರಾಗುವ ಟುಂಡ್ರಾ ಅದಕ್ಕಿಂತ ಸುಮಾರು ಎರಡು ಅಡಿ ಉದ್ದ.

ಬಾಗಿಲಿನ ಹಳದಿ ಸ್ಟಿಕರಿನಿಂದ ಶುರು ಮಾಡಿ

ಹೊಸದರ ಜಾಹೀರಾತಿನಲ್ಲಿ ಗರಿಷ್ಠ ಎಳೆಯುವ ಶಕ್ತಿ 12,000 ಪೌಂಡು, ಗರಿಷ್ಠ ಪೇಲೋಡ್ (ಟ್ರಕ್ಕು ತನ್ನ ಮೇಲೆ ಹೊರಬಹುದಾದ ಭಾರ) 1,940 ಪೌಂಡು ಎಂದಿರುತ್ತದೆ. ಹಳೆಯದರಲ್ಲಿ ಇವು 10,200 ಮತ್ತು 1,730. ಆದರೆ ಆ ದೊಡ್ಡ ಅಂಕಿಗಳು ಟೂ ವೀಲ್ ಡ್ರೈವ್, ಡಬಲ್ ಕ್ಯಾಬ್ ಎಂಬ ಚಿಕ್ಕ ಕ್ಯಾಬಿನ್, ಸಾದಾ ಸೀಟಿನ ಗಾಡಿಗೆ ಸೇರಿದವು. ನೀವು ಕಣ್ಣಿಟ್ಟಿರುವುದು ಫೋರ್ ವೀಲ್ ಡ್ರೈವ್, ಕ್ರೂಮ್ಯಾಕ್ಸ್ ಎಂಬ ದೊಡ್ಡ ಕ್ಯಾಬಿನ್, ಲೆದರ್ ಸೀಟು, ಗಾಜಿನ ಸೂರು, ಹೈಬ್ರಿಡ್ ಇರುವ ಗಾಡಿಯ ಮೇಲಾದರೆ ಅದರ ಸಂಖ್ಯೆ ಬೇರೆ. ಒಂದೊಂದು ಸೌಲಭ್ಯಕ್ಕೂ ತೂಕವಿದೆ, ಅಷ್ಟೂ ಪೇಲೋಡಿನಿಂದಲೇ ಕಳೆಯುತ್ತದೆ.

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರ್ ಗಾಳಿ ಒತ್ತಡದ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ಪೌಂಡು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಆ ಗಾಡಿಗೆ ಸಲ್ಲುವುದು ಆ ಸಂಖ್ಯೆ ಮಾತ್ರ. ಪಕ್ಕದಲ್ಲೇ ನಿಂತ ಅದೇ ಬಣ್ಣದ ಗಾಡಿಯ ಸಂಖ್ಯೆ ಬೇರೆಯಿರಬಹುದು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಸ್ಟಿಕರಿನಲ್ಲಿ 1,450 ಇದೆ ಅಂದುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 460. ಟ್ರೈಲರ್ ಜೋಡಿಸುವ, ತೂಕ ಹಂಚುವ ಹಿಚ್ 90. ಬೆಡ್ ಕವರು, ಕೂಲರು, ಟೂಲ್ ಡಬ್ಬ 150. ಇಲ್ಲಿಗೆ 700 ಆಯಿತು. ಇನ್ನು ಟ್ರೈಲರ್: 6,000 ಪೌಂಡಿನದಾದರೆ ಅದರ ಮೂತಿ ಹಿಚ್ಚಿನ ಮೇಲೆ ಶೇ. 10ರಿಂದ 15ರಷ್ಟು ಕೂರುತ್ತದೆ. ಶೇ. 12.5 ಹಿಡಿದರೆ 750. ಒಟ್ಟು 1,450. ಹನ್ನೆರಡು ಸಾವಿರ ಎಳೆಯುತ್ತದೆ ಎಂದು ಕೊಂಡ ಟ್ರಕ್ಕು ಆರು ಸಾವಿರಕ್ಕೇ ಭರ್ತಿಯಾಯಿತು. ಟ್ರೈಲರಿನ ನೀರಿನ ಟ್ಯಾಂಕ್ ತುಂಬಿಸಿದರೆ, ಅದು ಆ್ಯಕ್ಸಲ್‌ಗಿಂತ ಮುಂದಿದ್ದರೆ, ಲೆಕ್ಕ ಅಲ್ಲೇ ಮೀರುತ್ತದೆ. ಹಾಗೆಂದು ಮೂತಿಯ ತೂಕ ಇಳಿಸಲು ಸಾಮಾನನ್ನೆಲ್ಲ ಟ್ರೈಲರಿನ ಹಿಂಭಾಗಕ್ಕೆ ತಳ್ಳಬೇಡಿ. ಶೇ. 10ಕ್ಕಿಂತ ಕೆಳಗಿಳಿದರೆ ಹೆದ್ದಾರಿಯ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ಕಂಪನಿ ಹೇಳುವ ಎಳೆಯುವ ಅಂಕಿಯೇನೂ ಸುಳ್ಳಲ್ಲ. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಅರಿಜೋನಾದ ಬುಲ್‌ಹೆಡ್ ಸಿಟಿ ಪಕ್ಕದ ಡೇವಿಸ್ ಡ್ಯಾಮ್ ಏರಿನಲ್ಲಿ, 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲಿ, ಎಸಿ ಪೂರ್ತಿ ಹಾಕಿಕೊಂಡು, 11.4 ಮೈಲಿ ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದಂತೆ ಹತ್ತಬೇಕು. 2011ರ ಟುಂಡ್ರಾದಿಂದ ಇದನ್ನು ಮೊದಲು ಒಪ್ಪಿಕೊಂಡದ್ದೇ ಟೊಯೊಟಾ. ಆದರೆ ಆ ಪರೀಕ್ಷೆಯ ಲೆಕ್ಕದಲ್ಲಿ ಕ್ಯಾಬಿನ್ನಿನಲ್ಲಿರುವವರು 150 ಪೌಂಡಿನ ಇಬ್ಬರೇ. ನಿಮ್ಮ ಸಂಸಾರ ಅದರಲ್ಲಿಲ್ಲ.

ತಕ್ಕಡಿಗೆ ಮೂರು ಸಲ

ಈಗಿರುವ ಟ್ರಕ್ಕು, ಈಗಿರುವ ಟ್ರೈಲರನ್ನು ತೂಗಿಸಿಕೊಂಡೇ ಹೊಸದರ ಬಗ್ಗೆ ಯೋಚಿಸಿ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ಟ್ರಕ್ ತೂಗುವ ತಕ್ಕಡಿ ಇರುತ್ತದೆ. ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್, ಟ್ರೈಲರ್ ಆ್ಯಕ್ಸಲ್ ಒಂದೊಂದೂ ಬೇರೆ ಬೇರೆ ಹಾಸಿನ ಮೇಲೆ ನಿಲ್ಲಬೇಕು. ಒಂದೇ ದಿನದಲ್ಲಿ ಮತ್ತೆ ತೂಗಿಸಿದರೆ ದರ ಕಡಿಮೆ.

ಮೊದಲು ಪ್ರಯಾಣಕ್ಕೆ ಹೊರಟಂತೆಯೇ ಎಲ್ಲ ತುಂಬಿ, ತೂಕ ಹಂಚುವ ಹಿಚ್ಚಿನ ಬಾರ್‌ಗಳನ್ನು ಬಿಗಿದು ತೂಗಿಸಿ. ಎರಡನೆಯ ಸಲ ಬಾರ್ ಸಡಿಲಿಸಿ. ಮೂರನೆಯ ಸಲ ಟ್ರೈಲರ್ ಬಿಚ್ಚಿಟ್ಟು ಟ್ರಕ್ ಮಾತ್ರ, ಆದರೆ ಜನ ಒಳಗೇ ಇರಲಿ. ಉದಾಹರಣೆಗೆ ಟ್ರಕ್ ಒಂದೇ ಇದ್ದಾಗ ಮುಂದೆ 3,300, ಹಿಂದೆ 2,900 ಬಂತು. ಬಾರ್ ಇಲ್ಲದೆ ಟ್ರೈಲರ್ ಹೊತ್ತಾಗ ಮುಂದೆ 2,950, ಹಿಂದೆ 4,000. ಮೊದಲನೆಯದರ ಮೊತ್ತ 6,200, ಎರಡನೆಯದು 6,950. ವ್ಯತ್ಯಾಸ 750, ಮೂತಿಯ ನಿಜವಾದ ತೂಕ ಅದೇ. ಮುಂದಿನ ಚಕ್ರಗಳು 350 ಪೌಂಡು ಹಗುರಾದವು ಎಂಬುದನ್ನೂ ಗಮನಿಸಿ: ಸ್ಟಿಯರಿಂಗ್ ತೇಲಿದಂತಾಗುವುದು, ಎದುರು ಗಾಡಿಯವರು ಡಿಮ್ ಡಿಪ್ ಮಾಡುವುದು ಇದರಿಂದಲೇ. ಬಾರ್ ಬಿಗಿದಾಗ ಮುಂದೆ 3,150ಕ್ಕೆ ಬಂದರೆ ಕಳೆದುಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸಾಯಿತು. 3,300 ದಾಟಿಸುವಷ್ಟು ಬಿಗಿಯಬೇಡಿ, ಹಿಂದಿನ ಚಕ್ರ ಹಗುರಾಗಿ ಮಳೆಯಲ್ಲಿ ಜಾರುತ್ತದೆ.

ಈ ಮೂರು ಚೀಟಿ ಕೈಯಲ್ಲಿದ್ದರೆ ಹೊಸ ಟ್ರಕ್ಕಿನ ಬಾಗಿಲ ಸ್ಟಿಕರ್ ಜೊತೆ ಹೋಲಿಸಲು ಐದು ನಿಮಿಷ ಸಾಕು. ಅನೇಕರಿಗೆ ಆಗ ತಿಳಿಯುವುದು, ತಮಗೆ ಬೇಕಾದದ್ದು ಹೊಸ ಟುಂಡ್ರಾನೂ ಅಲ್ಲ, ಅದಕ್ಕಿಂತ ಹೆಚ್ಚು ಭಾರ ಹೊರುವ, ಮುಕ್ಕಾಲು ಟನ್ ಎಂದು ಕರೆಯುವ ವರ್ಗದ ಟ್ರಕ್ಕು ಎಂದು.

ಎಂಜಿನ್: ಬೆಟ್ಟ ಹತ್ತುವವರಿಗೆ ಒಂದು ಲೆಕ್ಕ, ಬಯಲಿನವರಿಗೆ ಇನ್ನೊಂದು

ಹಳೆಯ ವಿ8 ಕೊಡುವುದು 381 ಅಶ್ವಶಕ್ತಿ, 3,600 ಆರ್‌ಪಿಎಂನಲ್ಲಿ 401 ಪೌಂಡ್-ಅಡಿ ಟಾರ್ಕ್. ಹೊಸ 3.4 ಲೀಟರ್ ಟರ್ಬೊದ್ದು 389 ಅಶ್ವಶಕ್ತಿ, ಆದರೆ 479 ಪೌಂಡ್-ಅಡಿ, ಅದೂ 2,400 ಆರ್‌ಪಿಎಂಗೇ. ಹೈಬ್ರಿಡ್‌ನಲ್ಲಿ 437 ಮತ್ತು 583. ತೀರಾ ಕೆಳಗಿನ ಎಸ್‌ಆರ್ ಮಾಡೆಲಿನಲ್ಲಿ ಅದೇ ಎಂಜಿನ್ನನ್ನು 348ಕ್ಕೆ ಇಳಿಸಿದ್ದಾರೆ, ಬೆಲೆ ನೋಡಿ ಅದಕ್ಕೆ ಕೈಹಾಕುವ ಮುನ್ನ ನೆನಪಿರಲಿ.

ನಿಜವಾದ ವ್ಯತ್ಯಾಸ ಗಾಳಿ ತೆಳುವಾದಲ್ಲಿ ಕಾಣುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದಲ್ಲಿ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಅಲ್ಲಿ ವಿ8ನ 381ರಲ್ಲಿ ಉಳಿಯುವುದು 255ರ ಆಸುಪಾಸು. ಟ್ರೈಲರ್ ಹೊತ್ತು ಗೇರ್ ಇಳಿಸಿ ಇಳಿಸಿ 4,500 ಆರ್‌ಪಿಎಂನಲ್ಲಿ ಅರಚಿಕೊಂಡು ಹತ್ತಬೇಕು. ಟರ್ಬೊ ಅಲ್ಲಿಯೂ ಗಾಳಿಯನ್ನು ಒತ್ತಿ ತುಂಬುತ್ತದೆ, ಹತ್ತು ಗೇರುಗಳಿವೆ, ಸದ್ದಿಲ್ಲದೆ ಹತ್ತುತ್ತದೆ. ರಾಕಿ ಪರ್ವತದ ಕಡೆ ಟ್ರೈಲರ್ ಎಳೆಯುವವರಿಗೆ ಬದಲಾಯಿಸಲು ಈ ಒಂದು ಕಾರಣವೇ ಸಾಕು. ಹ್ಯೂಸ್ಟನ್ನಿನಲ್ಲಿ ಆಫೀಸಿಗೆ ಓಡಿಸುವವರಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಪೆಟ್ರೋಲ್ ಉಳಿತಾಯದ ಮಾತಿಗೆ ಬರೋಣ. ಫೋರ್ ವೀಲ್ ಡ್ರೈವ್‌ನಲ್ಲಿ ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಡುವ ಅಂಕಿ ಗ್ಯಾಲನ್ನಿಗೆ ಹಳೆಯದಕ್ಕೆ 14, ಹೊಸ ಎಸ್‌ಆರ್5 ಮಾಡೆಲಿಗೆ 19 ಮೈಲಿ. ವರ್ಷಕ್ಕೆ 12,000 ಮೈಲಿಗೆ 857 ಗ್ಯಾಲನ್ ಬೇಕಿದ್ದುದು 632ಕ್ಕೆ ಇಳಿಯುತ್ತದೆ. ಉಳಿದ 225 ಗ್ಯಾಲನ್ನಿಗೆ ಮೂರು ಡಾಲರ್ ಹಿಡಿದರೆ 675 ಡಾಲರ್. ಹೊಸ ಟ್ರಕ್ಕಿನ ಒಂದು ತಿಂಗಳ ಕಂತಿಗೇ ಅದು ಸಾಲುವುದು ಕಷ್ಟ. ಟ್ರೈಲರ್ ಎಳೆಯುವಾಗ ಟರ್ಬೊ ಸದಾ ಒತ್ತಡದಲ್ಲಿರುವುದರಿಂದ ಅಂತರ ಇನ್ನೂ ಕಿರಿದಾಗುತ್ತದೆ, ಎರಡೂ 9-10ಕ್ಕೆ ಬಂದು ನಿಲ್ಲುವುದು ಮಾಮೂಲು. ಆಗ ಮುಖ್ಯವಾಗುವುದು ಟ್ಯಾಂಕು. 38 ಗ್ಯಾಲನ್ ಟ್ಯಾಂಕಿನ ಹಳೆಯ ಟ್ರಕ್ಕು 9ರ ಲೆಕ್ಕದಲ್ಲಿ 340 ಮೈಲಿ ಹೋಗುತ್ತದೆ. ಹೊಸದರ 32.2 ಗ್ಯಾಲನ್ನಿಗೆ 290. ಚಿಕ್ಕ 22.5ರ ಟ್ಯಾಂಕು ಬಂದಿದ್ದರೆ 200 ಮೈಲಿಗೇ ಬಂಕ್ ಹುಡುಕಬೇಕು. ಟ್ಯಾಂಕ್ ಯಾವುದೆಂದು ಕೇಳದೆ ಸಹಿ ಹಾಕಬೇಡಿ.

ಏರು ಹತ್ತಿದ ಕೂಡಲೇ ಟರ್ಬೊ ಎಂಜಿನ್ ಆಫ್ ಮಾಡಬಾರದು. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ವಿ8 ಓಡಿಸಿ ರೂಢಿಯಾದವರು ಮರೆಯುವುದು ಇದನ್ನೇ.

ಎಂಜಿನ್ ರಿಕಾಲ್: ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಂತು ಓದಬೇಕಾದ್ದು

ಕಾರ್ಖಾನೆಯಲ್ಲಿ ಎಂಜಿನ್ ಕೊರೆಯುವಾಗ ಬಿದ್ದ ಲೋಹದ ಚೂರು ಪೂರ್ತಿ ತೊಳೆದುಹೋಗದೆ ಕೆಲವು ಎಂಜಿನ್ನುಗಳ ಒಳಗೇ ಉಳಿದುಬಿಟ್ಟಿತು. ಚೂರು ಮೇನ್ ಬೇರಿಂಗಿಗೆ ಅಂಟಿಕೊಂಡರೆ, ಹೆಚ್ಚು ಹೊರೆಯಲ್ಲಿ ಓಡುತ್ತಾ ಓಡುತ್ತಾ ಬೇರಿಂಗ್ ಸವೆದು ಎಂಜಿನ್ ಬಡಿಯಲು ಶುರುವಾಗುತ್ತದೆ, ಕೊನೆಗೆ ರಸ್ತೆ ಮಧ್ಯೆ ನಿಲ್ಲುತ್ತದೆ. 2024ರ ಮೇನಲ್ಲಿ ಟೊಯೊಟಾ 2022-23ರ ಟುಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1,02,000 ಗಾಡಿಗಳನ್ನು ವಾಪಸ್ ಕರೆಯಿತು, ಎಂಜಿನ್ನನ್ನೇ ಬದಲಿಸಿಕೊಡುವುದಾಗಿ ಆಮೇಲೆ ಹೇಳಿತು. 2025ರ ನವೆಂಬರಿನಲ್ಲಿ 2024ರ ಮಾಡೆಲನ್ನೂ ಸೇರಿಸಿ ಇನ್ನೂ ಸುಮಾರು 1,27,000 ಗಾಡಿಗಳು ಪಟ್ಟಿಗೆ ಬಂದವು. 2024ರ ಪಟ್ಟಿಯಲ್ಲಿ ಹೈಬ್ರಿಡ್ ಇರಲಿಲ್ಲ. ಎಂಜಿನ್ ನಿಂತರೂ ಮೋಟರ್ ಬಲದಲ್ಲಿ ಸ್ವಲ್ಪ ದೂರ ಉರುಳಿ ರಸ್ತೆ ಬದಿಗೆ ಬರಬಹುದೆಂಬುದು ಅದಕ್ಕೆ ಕಾರಣ. ಹೈಬ್ರಿಡ್‌ನ ಬೇರಿಂಗು ಬೇರೆ ಲೋಹದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಾಡಬೇಕಾದ್ದು: ವಿಂಡ್‌ಶೀಲ್ಡ್ ಮೂಲೆಯಲ್ಲಿರುವ 17 ಅಕ್ಷರದ ವಿನ್ ಸಂಖ್ಯೆಯನ್ನು (ಗಾಡಿಯ ಗುರುತಿನ ಸಂಖ್ಯೆ) ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಯ ರಿಕಾಲ್ ಪುಟದಲ್ಲಿ ಹಾಕಿ. "ಬಾಕಿ ಇಲ್ಲ" ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ಎಂಜಿನ್ ಬದಲಾಗಿದ್ದರೆ ಡೀಲರಿನ ಬಿಲ್ ಕೇಳಿ, ಯಾವ ಮೈಲಿಗೆ ಬದಲಾಯಿತು, ಟರ್ಬೊಗಳು ಹಳೆಯವೋ ಹೊಸವೋ ಎಂದು ಅದರಲ್ಲಿ ನೋಡಿ. ರಾತ್ರಿಯಿಡೀ ನಿಂತ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ಇದೇ ಗಾಡಿಗಳಿಗೆ 2022ರಲ್ಲಿ ಹಿಂದಿನ ಆ್ಯಕ್ಸಲ್ ನಟ್ಟು ಸಡಿಲವಾಗುವ ಮತ್ತು 2023ರಲ್ಲಿ ಪ್ಲಾಸ್ಟಿಕ್ ಇಂಧನ ನಳಿಕೆ ಬ್ರೇಕ್ ಪೈಪಿಗೆ ಉಜ್ಜುವ ರಿಕಾಲುಗಳೂ ಬಂದಿದ್ದವು. ಅವೂ ಆಗಿರಬೇಕು. ಎಂಜಿನ್, ಗೇರ್‌ಬಾಕ್ಸಿಗೆ ವಾರಂಟಿ 5 ವರ್ಷ ಅಥವಾ 60,000 ಮೈಲಿ, ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ.

ಸ್ಪ್ರಿಂಗು, ಬೆಡ್ಡು, ಗ್ಯಾರೇಜು

ಹಿಂದೆ ಲೀಫ್ ಪಟ್ಟಿಗಳಿದ್ದಲ್ಲಿ ಈಗ ಕಾಯಿಲ್ ಸ್ಪ್ರಿಂಗ್ ಇದೆ. ಖಾಲಿ ಓಡುವಾಗ ಕುಲುಕಾಟ ಕಡಿಮೆ, ಹಿಂದೆ ಕೂತ ಮಕ್ಕಳಿಗೆ ಸುಖ. ಭಾರ ಹೇರಿದಾಗ ಹಿಂಭಾಗ ಕೂರುತ್ತದೆ ಎಂಬ ದೂರೂ ಇದೆ. ಕಾಯಿಲ್ ಒಳಗೆ ಗಾಳಿ ಚೀಲ ಹಾಕಿಸಿದರೆ ಟ್ರಕ್ ಸಮನಾಗಿ ನಿಲ್ಲುತ್ತದೆ, ಆದರೆ ಬಾಗಿಲ ಸ್ಟಿಕರಿನ ಸಂಖ್ಯೆ ಒಂದು ಪೌಂಡೂ ಏರುವುದಿಲ್ಲ.

ಬೆಡ್ ಈಗ ಕಾಂಪೊಸಿಟ್. ತುಕ್ಕಿಲ್ಲ, ಇಟ್ಟಿಗೆ ಎಸೆದರೆ ತಗ್ಗು ಬೀಳುವುದಿಲ್ಲ. ಅಯಸ್ಕಾಂತದ ಲೈಟು ಮಾತ್ರ ಅಂಟದು. ಟ್ರೈಲರ್ ಬಾಡಿಗೆ ತಂದು ಅಯಸ್ಕಾಂತದ ಹಿಂದೀಪ ಬಳಸುವವರು ಕತ್ತಲಲ್ಲಿ ಇದನ್ನು ಕಂಡುಕೊಳ್ಳುವುದು ಬೇಡ.

ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಅಲ್ಲಿ ಸಾಮಾನಿಡುವ ಜಾಗ ಹೋಯಿತೆಂದೇ ಲೆಕ್ಕ.

ಗ್ಯಾರೇಜನ್ನು ಟೇಪ್ ಹಿಡಿದು ಅಳೆಯಿರಿ. ಐದೂವರೆ ಅಡಿ ಬೆಡ್ಡಿನ ಕ್ರೂಮ್ಯಾಕ್ಸ್ 233.6 ಇಂಚು, ಆರೂವರೆ ಅಡಿ ಬೆಡ್ಡಿನದು 245.6. ಇಪ್ಪತ್ತು ಅಡಿ ಆಳದ ಗ್ಯಾರೇಜ್ ಎಂದರೆ 240 ಇಂಚು. ಚಿಕ್ಕದು ಆರಿಂಚು ಉಳಿಸಿ ಒಳಹೋಗುತ್ತದೆ, ಹಿಚ್ ಬಾಲ್ ಬಿಚ್ಚಿದ್ದರೆ ಮಾತ್ರ. ದೊಡ್ಡದು ಐದೂವರೆ ಇಂಚು ಹೊರಗೆ.

ಹಳೆಯದನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ

ಎಂಜಿನ್ ಮೇಲ್ಭಾಗದ ಕ್ಯಾಮ್ ಟವರ್ ಬಳಿ ಎಣ್ಣೆ ಜಿನುಗುವುದು, ನೀರಿನ ಪಂಪ್, ಸೆಕೆಂಡರಿ ಏರ್ ಪಂಪ್ ಇವೆಲ್ಲ 5.7ರ ಹಳೆಯ ಕಾಯಿಲೆಗಳು. ಖರ್ಚಿದೆ, ಆದರೆ ಎಲ್ಲಕ್ಕೂ ಮದ್ದಿದೆ. ಮದ್ದಿಲ್ಲದ್ದು ಫ್ರೇಮಿನ ತುಕ್ಕು. ಒಹಾಯೊ, ಮಿಷಿಗನ್, ಪೆನ್ಸಿಲ್ವೇನಿಯಾದಂತೆ ರಸ್ತೆಗೆ ಉಪ್ಪು ಸುರಿಯುವ ಕಡೆ ಓಡಿದ ಗಾಡಿಯಾದರೆ ಕೆಳಗೆ ತೂರಿ ಲೀಫ್ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ ಸುತ್ತ, ಸ್ಪೇರ್ ಟೈರಿನ ಮೇಲ್ಭಾಗ, ಅಡ್ಡಪಟ್ಟಿಗಳು ಸೇರುವ ಮೂಲೆಗಳಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಕಬ್ಬಿಣ ಗಟ್ಟಿಯಿದೆ. ಡಬ್ ಎಂದರೆ ಪದರ ಬಿಟ್ಟಿದೆ, ಅಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಮೊನೆ ಒಳಹೋಗುವಂತಿದ್ದರೆ ಆ ಟ್ರಕ್ಕಿಗೆ ಟ್ರೈಲರ್ ಕಟ್ಟುವುದನ್ನು ಅಂದೇ ನಿಲ್ಲಿಸಿ, ನೀರಿನ ಪಂಪಿಗೆಂದು ಎತ್ತಿಟ್ಟ ದುಡ್ಡನ್ನು ಹೊಸದರ ಮುಂಗಡಕ್ಕೆ ಹಾಕಿ. ಎಲ್ಲ ಕಡೆ ಟಣ್ ಎಂದರೆ ಲ್ಯಾನೊಲಿನ್ ಎಣ್ಣೆ ಹೊಡೆಸಿ, ಉಪ್ಪು ಸುರಿಯುವ ಮೊದಲು, ಅಕ್ಟೋಬರಿನೊಳಗೆ.