ವಿದೇಶದಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಕೆಲಸ: ಇಂಟರ್‌ವ್ಯೂಗೆ ಹೀಗೆ ತಯಾರಾಗಿ

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಏರ್‌ಲೈನ್‌ನಲ್ಲಿ ಕೆಲಸ ಅಂತೀಯ, ವಿಮಾನ ಓಡಿಸಲ್ಲ ಅಂತೀಯ, ಮತ್ತೆ ಏನ್ ಮಾಡ್ತೀಯಪ್ಪ ಅಲ್ಲಿ?" ನಾನು ನೆಲದ ಮೇಲೆ ಕೂತು ಮಾಡುವ ಕೆಲಸ ಇದು. ಯಾವ ದಾರಿ, ಎಷ್ಟು ಇಂಧನ, ಇಳಿಯುವ ಊರಲ್ಲಿ ಹವಾಮಾನ ಹೇಗಿದೆ, ಅಲ್ಲಿ ಇಳಿಯಲು ಆಗದಿದ್ದರೆ ಇನ್ನೆಲ್ಲಿ, ಇದನ್ನೆಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವುದು, ವಿಮಾನ ಇಳಿಯುವ ತನಕ ಕಣ್ಣಿಟ್ಟಿರುವುದು. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಂತೂ ಆ ಹಾರಾಟಕ್ಕೆ ಕ್ಯಾಪ್ಟನ್ ಎಷ್ಟು ಹೊಣೆಯೋ ಡಿಸ್ಪ್ಯಾಚರ್ ಕೂಡ ಕಾನೂನಿನ ಪ್ರಕಾರ ಅಷ್ಟೇ ಹೊಣೆ.

ಈ ಸಲ ವಿದ್ಯಾನಗರದ ಹುಡುಗನೊಬ್ಬ ಮನೆಗೆ ಬಂದ. ಬಿಎಸ್ಸಿ ಮುಗಿಸಿ, ಡಿಸ್ಪ್ಯಾಚರ್ ಕೋರ್ಸ್ ಮಾಡಿಕೊಂಡಿದ್ದಾನೆ. ಗಲ್ಫ್‌ನ ಒಂದು ಏರ್‌ಲೈನ್‌ನಿಂದ ಇಂಟರ್‌ವ್ಯೂ ಕರೆ ಬಂದಿದೆ. "ಅಣ್ಣಾ, ಹದಿನೈದು ದಿನ ಇದೆ. ಏನು ಓದ್ಲಿ?" ಅಂದ. ಮೂರು ಸಂಜೆ ಜೊತೆಗೆ ಕೂತೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಹೇಳುವವರು ಕಡಿಮೆ. ಓದುವುದು ಇದ್ದೇ ಇದೆ. ಆದರೆ ಪ್ಯಾನಲ್‌ನವರು ಹುಡುಕುವುದು ಒಂದನ್ನೇ: ರಾತ್ರಿ ಎರಡು ಗಂಟೆಗೆ ಇವನ ಕೈಗೆ ಒಂದು ವಿಮಾನ ಕೊಟ್ಟರೆ ನಿರ್ಧಾರ ತಗೋತಾನಾ, ಆಮೇಲೆ ಅದನ್ನು ನಾಲ್ಕು ಮಾತಲ್ಲಿ ಬಿಡಿಸಿ ಹೇಳ್ತಾನಾ.

ಅರ್ಜಿ ಹಾಕುವ ಮೊದಲು

ಜಾಹೀರಾತನ್ನು ಎರಡು ಸಲ ಓದಿ. ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಹುಡುಗರು ಇಲ್ಲೇ ಜಾಸ್ತಿ ಎಡವುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ ನಿಯಮದಲ್ಲಿ ಈ ಲೈಸೆನ್ಸ್‌ಗೆ ಕನಿಷ್ಠ ವಯಸ್ಸು 21. ಜೊತೆಗೆ ಲೈಸೆನ್ಸ್ ಇರುವವರ ಕೈಕೆಳಗೆ, ಅರ್ಜಿಗೆ ಮುಂಚಿನ ಆರು ತಿಂಗಳಲ್ಲಿ, 90 ಕೆಲಸದ ದಿನ ದುಡಿದಿರಬೇಕು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎದ್ದು ಬೇರೆ ಥರ: 80 ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ನೂರಕ್ಕೆ 70, ಆಮೇಲೆ ಪ್ರಾಕ್ಟಿಕಲ್. ಪರೀಕ್ಷೆಯನ್ನು 21ಕ್ಕೆ ಬರೆಯಬಹುದು, ಸರ್ಟಿಫಿಕೇಟ್ ಕೈಗೆ ಬರುವುದು 23 ತುಂಬಿದ ಮೇಲೆ. ಅದು ಸಿಕ್ಕಿತು ಅಂದ ಮಾತ್ರಕ್ಕೆ ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ, ವೀಸಾ ಬೇರೆಯದೇ ವಿಷಯ.

ನಿಮ್ಮ ಹತ್ತಿರ ಏನಿದೆಯೋ ಅದನ್ನೇ ರೆಸ್ಯೂಮೆಯಲ್ಲಿ ಬರೆಯಿರಿ. ಕ್ಲಾಸಲ್ಲಿ ಕಲಿತ ಸಾಫ್ಟ್‌ವೇರನ್ನು "ಕಲಿತಿದ್ದೇನೆ" ಅಂತ, ಶಿಫ್ಟ್‌ನಲ್ಲಿ ಬಳಸಿದ್ದನ್ನು "ಬಳಸಿದ್ದೇನೆ" ಅಂತ. ಲಿಡೋ, ಜೆಟ್‌ಪ್ಲ್ಯಾನ್ ಅಂತ ಸುಮ್ನೆ ಹೆಸರು ತುಂಬಿಸಿದರೆ ಮೊದಲ ಪ್ರಶ್ನೆಯೇ ಅದರ ಮೇಲೆ ಬರುತ್ತದೆ.

ಭಾರತದ ಗಡಿಯಾರ ಬದಿಗಿಡಿ

ನನ್ನ ಮೊದಲ ಇಂಟರ್‌ವ್ಯೂ ಕೈತಪ್ಪಿದ್ದು ಗಡಿಯಾರದಿಂದ. ಕಾಗದದಲ್ಲಿ ವಿಮಾನ ಬೆಂಗಳೂರಿಗೆ ಇಳಿಯುವುದು 14ನೇ ತಾರೀಖು 2030 ಜ಼ುಲು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ರಾತ್ರಿ ಎಂಟೂವರೆ. ನಾನು ಐದೂವರೆ ಗಂಟೆ ಕೂಡಿಸಿ 15ರ ಬೆಳಗಿನ ಜಾವ ಎರಡು ಅಂತ ಬದಿಯಲ್ಲಿ ಬರೆದುಕೊಂಡೆ. ಮುನ್ಸೂಚನೆ, ಅಂದರೆ ಟಾಫ್‌ನಲ್ಲಿ, 1500/1503 ಮಂಜು ಅಂತಿತ್ತು. 15ನೇ ತಾರೀಖು, 0 ಗಂಟೆಯಿಂದ 3 ಗಂಟೆ. ನನ್ನ "ಎರಡು ಗಂಟೆ" ಅದರೊಳಗೆ ಸರಿಯಾಗಿ ಕೂತುಬಿಟ್ಟಿತು! ಎರಡು ಬದಲಿ ನಿಲ್ದಾಣ ಹಾಕಿದೆ, ಇಂಧನ ಏರಿಸಿದೆ. ಎದುರಿಗಿದ್ದ ಹಿರಿಯರು ಮೆಲ್ಲಗೆ ಕೇಳಿದರು, "ನೀವು ನೋಡಿದ್ದು ಯಾವ ಗಡಿಯಾರದ ಹವಾಮಾನ?" ಟಾಫ್‌ನಲ್ಲಿದ್ದದ್ದೂ ಜ಼ುಲು ಸಮಯವೇ. ಮಂಜು ಶುರುವಾಗುವುದಕ್ಕೆ ಮೂರೂವರೆ ಗಂಟೆ ಮೊದಲೇ ಆ ವಿಮಾನ ಇಳಿದಿರುತ್ತಿತ್ತು.

ಅವತ್ತಿನಿಂದ ಕಾಗದದ ಮೇಲೆ ನಾನು ಭಾರತದ ಸಮಯ ಬರೆಯುವುದೇ ಇಲ್ಲ. ನೀವೂ ಹದಿನೈದು ದಿನ ಮೊಬೈಲ್‌ನಲ್ಲಿ ಯುಟಿಸಿ ಗಡಿಯಾರ ಇಟ್ಟುಕೊಳ್ಳಿ. ಊಟದ ಹೊತ್ತು, ಬಸ್ಸಿನ ಹೊತ್ತು ಎಲ್ಲ ಅದರಲ್ಲೇ ನೋಡಿ. ಮೂರು ದಿನ ಕಷ್ಟ, ಆಮೇಲೆ ರೂಢಿಯಾಗುತ್ತದೆ.

ಲಿಖಿತ ಪರೀಕ್ಷೆ

ಇಂಧನದ ಪಟ್ಟಿ ಎಲ್ಲರಿಗೂ ಬಾಯಿಪಾಠ ಇರುತ್ತದೆ. ಟ್ಯಾಕ್ಸಿ (ನೆಲದ ಮೇಲೆ ಓಡಲು), ಟ್ರಿಪ್ (ದಾರಿಗೆ), ಕಂಟಿಂಜೆನ್ಸಿ, ಆಲ್ಟರ್ನೇಟ್ (ಬದಲಿ ನಿಲ್ದಾಣಕ್ಕೆ), ಫೈನಲ್ ರಿಸರ್ವ್, ಅದರ ಮೇಲೆ ಎಕ್ಸ್‌ಟ್ರಾ. ಅವರು ಕೇಳುವುದು "ಯಾಕೆ" ಅಂತ. ಕಂಟಿಂಜೆನ್ಸಿ ಅಂದರೆ ಟ್ರಿಪ್ ಇಂಧನದ ಶೇಕಡ 5, ಇಲ್ಲವೇ 1,500 ಅಡಿ ಎತ್ತರದಲ್ಲಿ 5 ನಿಮಿಷ ಸುತ್ತುವಷ್ಟು, ಎರಡರಲ್ಲಿ ಯಾವುದು ಹೆಚ್ಚೋ ಅದು. ಅಂದುಕೊಂಡಿದ್ದಕ್ಕಿಂತ ಗಾಳಿ ಜೋರಾದರೆ, ಬೇಕಾದ ಎತ್ತರ ಸಿಗದಿದ್ದರೆ ಖರ್ಚಾಗುವುದು ಅದೇ. ಫೈನಲ್ ರಿಸರ್ವ್ ಹಾಗಲ್ಲ. ಜೆಟ್ ವಿಮಾನಕ್ಕೆ 30 ನಿಮಿಷ ಸುತ್ತುವಷ್ಟು, ಅದನ್ನು ಮುಟ್ಟುವ ಯೋಜನೆಯೇ ಇರಬಾರದು. ಅದಕ್ಕಿಂತ ಕಡಿಮೆ ಇಂಧನದಲ್ಲಿ ಇಳಿಯಬೇಕಾಗುತ್ತದೆ ಅಂತ ಲೆಕ್ಕ ಬಂದರೆ ಕ್ಯಾಪ್ಟನ್ "ಮೇಡೇ ಫ್ಯುಯೆಲ್" ಅನ್ನಬೇಕು. "ಮಿನಿಮಮ್ ಫ್ಯುಯೆಲ್" ಅನ್ನುವುದು ಅದಕ್ಕೆ ಒಂದು ಹೆಜ್ಜೆ ಮೊದಲು. ಇವೆರಡರ ವ್ಯತ್ಯಾಸ ಕೇಳಿಯೇ ಕೇಳುತ್ತಾರೆ ಅಂತ ಇಟ್ಟುಕೊಳ್ಳಿ.

ಇನ್ನೊಂದು ಈಟಿಪಿ. ಮುಂದಕ್ಕೆ ಹೋದರೂ ಹಿಂದಕ್ಕೆ ಬಂದರೂ ಒಂದೇ ಹೊತ್ತು ಹಿಡಿಯುವ ಜಾಗ. ಹುಡುಗನಿಗೆ ಸೂತ್ರ ಗೊತ್ತಿತ್ತು, ಆದರೆ ಎದುರುಗಾಳಿ ಇದ್ದರೆ ಆ ಜಾಗ ಯಾವ ಕಡೆ ಸರಿಯುತ್ತದೆ ಅಂದರೆ ತಡವರಿಸಿದ. ಹೈವೇಯಲ್ಲಿ ಸೈಕಲ್ ಅಂದುಕೋ ಅಂದೆ. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರ್. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ, ಗಾಳಿ ಅಲ್ಲಿ ಹಾಗಿದೆ. ಅದು ನಿನ್ನ ಮುಖಕ್ಕೆ ಹೊಡೆಯುತ್ತಿದೆ ಅಂದುಕೋ. ಮುಂದೆ ಹೋಗುವಾಗ ಗಂಟೆಗೆ 10, ತಿರುಗಿದರೆ ಗಾಳಿಯೇ ತಳ್ಳಿ 15. ಅರ್ಧ ದಾರಿ 30ರಲ್ಲಿ ಸುಸ್ತಾದರೆ ತಿರುಗುವುದೇ ಲಾಭ, ಅಲ್ವಾ? ಎರಡೂ ಸಮವಾಗುವುದು 36ನೇ ಕಿಲೋಮೀಟರ್‌ನಲ್ಲಿ: 60 ಗುಣಿಲೆ 15, ಭಾಗಿಲೆ 25. ವಿಮಾನಕ್ಕೂ ಅದೇ ಲೆಕ್ಕ. 2,400 ನಾಟಿಕಲ್ ಮೈಲಿಯ ದಾರಿ, ಹೋಗುವಾಗ 400 ನಾಟ್, ಬರುವಾಗ 500 ಅಂದರೆ ಹೊರಟ ಜಾಗದಿಂದ 1,333. ಎದುರುಗಾಳಿ ಇದ್ದರೆ ಅದು ಅರ್ಧ ದಾರಿಯಿಂದ ಮುಂದಕ್ಕೆ ಸರಿಯುತ್ತದೆ. ಆಮೇಲೆ ಅವನು ತಪ್ಪಲಿಲ್ಲ.

ಎರಡು ಎಂಜಿನ್ ವಿಮಾನ ಹತ್ತಿರದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವಾಗಿನ ನಿಯಮ, ಏನೇನು ಕೆಟ್ಟಿದ್ದರೂ ಹಾರಬಹುದು ಅಂತ ಹೇಳುವ ಪಟ್ಟಿ ಎಂಇಎಲ್‌ನಲ್ಲಿ ಬಿ ಅಂದರೆ 3 ದಿನ, ಸಿ ಅಂದರೆ 10 ದಿನ, ಡಿ ಅಂದರೆ 120 ದಿನದೊಳಗೆ ರಿಪೇರಿ, ಇಂಥವನ್ನು ಪುಸ್ತಕ ನೋಡಿ ಓದಿಕೊಳ್ಳಿ.

ಕಾಗದದ ಕಟ್ಟು ಕೊಟ್ಟಾಗ

ಇಂಟರ್‌ವ್ಯೂನ ಜೀವ ಇಲ್ಲಿದೆ. ಫ್ಲೈಟ್ ಪ್ಲಾನ್, ಹವಾಮಾನ, ನೋಟಾಮ್ (ನಿಲ್ದಾಣ, ರನ್‌ವೇ ಬಗ್ಗೆ ಬರುವ ಸೂಚನೆಗಳು), ವಿಮಾನದ ದೋಷಪಟ್ಟಿ, ಎಲ್ಲ ಸೇರಿಸಿ ಒಂದು ಕಟ್ಟು ಕೈಗೆ ಕೊಟ್ಟು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬಿಟ್ಟು "ಹೇಳಿ, ಕಳಿಸ್ತೀರಾ?" ಅನ್ನುತ್ತಾರೆ.

ಎರಡನೇ ಸಂಜೆ ರಾಂ ಅಂಡ್ ಕೋ ಸರ್ಕಲ್ ಹತ್ತಿರ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ನಾನೇ ಒಂದು ಕಟ್ಟು ಬರೆದುಕೊಟ್ಟೆ. ಜನವರಿ ತಿಂಗಳು. ದೋಹಾದಿಂದ ಬೆಂಗಳೂರಿಗೆ, ಇಳಿಯುವುದು 0030 ಜ಼ುಲು. ಬೆಂಗಳೂರಿನ ಟಾಫ್‌ನಲ್ಲಿ 00ರಿಂದ 03ರ ತನಕ ಟೆಂಪೊ, ಅಂದರೆ ಆಗಾಗ ಸ್ವಲ್ಪ ಹೊತ್ತು, ಕಣ್ಣಿಗೆ ಕಾಣುವ ದೂರ 500 ಮೀಟರ್, ಮಂಜು. ಬದಲಿ ನಿಲ್ದಾಣ ಕೊಚ್ಚಿ. ಮಂಜಲ್ಲಿ ಇಳಿಯಲು ಬೇಕಾದ ಆಟೊಲ್ಯಾಂಡ್ ಆ ವಿಮಾನದಲ್ಲಿ ಕೆಲಸ ಮಾಡುತ್ತಿಲ್ಲ ಅಂತ ದೋಷಪಟ್ಟಿಯಲ್ಲಿ ಒಂದು ಸಾಲು. ಕೊಚ್ಚಿಯ ನೋಟಾಮ್ ಒಂದರಲ್ಲಿ, ಹನ್ನೆರಡನೆಯದೋ ಹದಿಮೂರನೆಯದೋ ಆಗಿ, ರನ್‌ವೇ 0100ರಿಂದ 0400ರ ತನಕ ಬಂದ್. ಕೊಚ್ಚಿಗೆ ಇರುವುದೇ ಒಂದು ರನ್‌ವೇ.

ಅವನು ಪ್ರತಿ ಕಾಗದವನ್ನೂ ಸರಿಯಾಗಿ ಓದಿದ. ಮಂಜು ಇದೆ ಅಂದ. ಆಟೊಲ್ಯಾಂಡ್ ಇಲ್ಲ, ಆದರೆ ಎಂಇಎಲ್ ಪ್ರಕಾರ ಹಾರಬಹುದು ಅಂದ. ಕೊಚ್ಚಿಯಲ್ಲಿ ಆಕಾಶ ತಿಳಿಯಾಗಿದೆ, ರನ್‌ವೇ ಸ್ವಲ್ಪ ಹೊತ್ತು ಬಂದ್ ಅಂದ. ಎಲ್ಲ ಸರಿ. ಒಂದನ್ನೊಂದು ಕೂಡಿಸಲಿಲ್ಲ ಅಷ್ಟೇ. ಕೂಡಿಸಿ ನೋಡಿ: ಆಟೊಲ್ಯಾಂಡ್ ಇಲ್ಲದ್ದರಿಂದ ಆ ಮಂಜಲ್ಲಿ ಇದು ಬೆಂಗಳೂರಿಗೆ ಇಳಿಯಲಾರದು. ತಿರುಗಿ ಕೊಚ್ಚಿ ಸೇರುವ ಹೊತ್ತಿಗೆ ಅಲ್ಲಿ ರನ್‌ವೇ ಮುಚ್ಚಿರುತ್ತದೆ. ಆಕಾಶದಲ್ಲಿ ವಿಮಾನ, ಕೆಳಗೆ ಎರಡು ಊರು, ಎರಡರಲ್ಲೂ ಜಾಗ ಇಲ್ಲ. ಅವನು ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟು ಕಾಗದವನ್ನು ಇನ್ನೊಂದು ಸಲ ಮೊದಲಿನಿಂದ ಓದಿದ.

ಹಾಗಾಗಿ ಕಟ್ಟು ಕೈಗೆ ಬಂದ ಕೂಡಲೇ ಖಾಲಿ ಹಾಳೆಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಹೊರಡುವ ಹೊತ್ತು, ಇಳಿಯುವ ಹೊತ್ತು, ಬದಲಿ ನಿಲ್ದಾಣ ಮುಟ್ಟುವ ಹೊತ್ತು ಅದರ ಮೇಲೆ ಗುರುತು ಮಾಡಿ. ಮಂಜು, ಮಳೆ, ರನ್‌ವೇ ಬಂದ್, ಎಲ್ಲವನ್ನೂ ಅದೇ ಗೆರೆಯ ಕೆಳಗೆ ಪಟ್ಟಿಯಾಗಿ ಬರೆಯಿರಿ. ಯಾವುದರ ಮೇಲೆ ಯಾವುದು ಬಂದು ಕೂರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಉತ್ತರ ಹೇಳುವಾಗ ನಿರ್ಧಾರ ಮೊದಲು, ಕಾರಣ ಆಮೇಲೆ. "ಈ ಪ್ಲಾನ್‌ನಲ್ಲಿ ಕಳಿಸಲ್ಲ. ಹೈದರಾಬಾದ್ ಅಥವಾ ಚೆನ್ನೈ ಟಾಫ್ ನೋಡಿ, ಸರಿ ಇದ್ದರೆ ಬದಲಿ ನಿಲ್ದಾಣ ಅದನ್ನು ಹಾಕ್ತೀನಿ, ಮಂಜು ತಿಳಿಯಾಗುವ ತನಕ ಸುತ್ತಲು ಇಂಧನ ಸೇರಿಸ್ತೀನಿ. ಆಗದಿದ್ದರೆ ಮೂರು ಗಂಟೆ ತಡವಾಗಿ ಹೊರಡಿಸ್ತೀನಿ, ಅದಕ್ಕೆ ಸಿಬ್ಬಂದಿಯ ಡ್ಯೂಟಿ ಸಮಯ ಸಾಲುತ್ತಾ ಅಂತ ಮೊದಲು ಕೇಳ್ತೀನಿ." ಇಷ್ಟು ಸಾಕು. ಇದನ್ನೇ ಹವಾಮಾನದಿಂದ ಶುರುಮಾಡಿ ಹತ್ತು ನಿಮಿಷ ವಿವರಿಸಿ ಕೊನೆಗೆ ನಿರ್ಧಾರಕ್ಕೆ ಬಂದರೆ, ಅಷ್ಟರಲ್ಲಿ ಅವರಿಗೆ ಬೇಕಾದ್ದು ಕಳೆದುಹೋಗಿರುತ್ತದೆ.

ಪ್ಯಾನಲ್ ಎದುರು

ಕ್ಯಾಪ್ಟನ್ ಎರಡು ಟನ್ ಜಾಸ್ತಿ ಇಂಧನ ಕೇಳುತ್ತಾರೆ, ವಿಮಾನ ಆಗಲೇ ಭರ್ತಿ, ಏನು ಮಾಡುತ್ತೀರಿ? ಈ ಪ್ರಶ್ನೆ ಯಾವುದೋ ಒಂದು ರೂಪದಲ್ಲಿ ಬರುತ್ತದೆ. "ಕೊಟ್ಟುಬಿಡ್ತೀನಿ" ಅಂದರೂ ತಪ್ಪು, "ಕೊಡಲ್ಲ" ಅಂದರೂ ತಪ್ಪು. ಮೊದಲು ಅವರಿಗೆ ಏನು ಕಂಡಿದೆ ಅಂತ ಕೇಳಿ. ನಿಮಗೆ ಕಾಣದ ಮೋಡ ಅವರ ಕಣ್ಣಿಗೆ ಬಿದ್ದಿರಬಹುದು. ಆಮೇಲೆ ನಿಮ್ಮ ಲೆಕ್ಕ ಹೇಳಿ: ಹೊತ್ತೊಯ್ಯುವ ಹೆಚ್ಚಿನ ಇಂಧನದಲ್ಲಿ ಗಂಟೆಗೆ ಸುಮಾರು ಶೇಕಡ 3ರಿಂದ 4 ಅದನ್ನು ಹೊರುವುದಕ್ಕೇ ಉರಿದುಹೋಗುತ್ತದೆ, ಇಷ್ಟು ಸರಕು ಇಳಿಸಬೇಕಾಗುತ್ತದೆ. ಆದರೂ ಬೇಕು ಅಂದರೆ ಹಾಕಿಸಿ, ಕಾರಣ ಬರೆದಿಡಿ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಜೊತೆಗೇ "ಆಪರೇಷನ್ಸ್ ಮ್ಯಾನ್ಯುಯಲ್‌ನಲ್ಲಿ ಇಂಥ ಭಾಗದಲ್ಲಿ ನೋಡ್ತೀನಿ" ಅನ್ನಿ. ಊಹಿಸಿ ಹೇಳುವವನನ್ನು ಈ ಕೆಲಸಕ್ಕೆ ಯಾರೂ ತಗೊಳ್ಳುವುದಿಲ್ಲ.

ಇಂಗ್ಲಿಷ್ ಬಗ್ಗೆ ನಮ್ಮ ಮಕ್ಕಳಿಗೆ ಜಾಸ್ತಿ ಭಯ. ನಾನು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಅಲ್ಲಿ ಬೇಕಾದ್ದು ಶೋಕಿ ಇಂಗ್ಲಿಷ್ ಅಲ್ಲ, ಫೋನಿನ ಆ ಕಡೆ ಇರುವವರಿಗೆ ಒಂದೇ ಸಲಕ್ಕೆ ತಿಳಿಯುವ ಇಂಗ್ಲಿಷ್. ಚಿಕ್ಕ ವಾಕ್ಯ, ನಿಧಾನ, ಅಂಕಿಗಳನ್ನು ಒಂದೊಂದಾಗಿ. ದಿನಾ ಒಂದು ಮೆಟಾರ್ (ನಿಲ್ದಾಣದ ಈಗಿನ ಹವಾಮಾನ ವರದಿ) ತೆಗೆದು ಜೋರಾಗಿ ಓದಿ, ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೇಳಿ.

ಎಚ್‌ಆರ್‌ನವರು "ಒತ್ತಡದಲ್ಲಿ ನಿರ್ಧಾರ ತಗೊಂಡ ಒಂದು ಸಂದರ್ಭ ಹೇಳಿ" ಅನ್ನುತ್ತಾರೆ. ಹುಡುಗ ಪುಸ್ತಕದಿಂದ ಎತ್ತಿದ ಕತೆಯೊಂದನ್ನು ಒಪ್ಪಿಸಿದ. ಕೇಳುತ್ತಿದ್ದ ಹಾಗೆ ಅವನದಲ್ಲ ಅಂತ ತಿಳಿಯಿತು. ಅವರಪ್ಪನಿಗೆ ಮಂಡಿಪೇಟೆಯಲ್ಲಿ ಅಂಗಡಿ. ಮಾತಾಡಿಸುತ್ತಾ ಹೋದಾಗ ಹೊರಬಂತು: ಒಂದು ಮಳೆಗಾಲದ ರಾತ್ರಿ ಮಾಲಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತು, ಅಪ್ಪ ಊರಲ್ಲಿರದೆ, ಇವನೇ ಫೋನಿನಲ್ಲಿ ಇನ್ನೊಂದು ಲಾರಿ ಗೊತ್ತುಮಾಡಿ, ಯಾರ ಮಾಲು ಮೊದಲು ಹೋಗಬೇಕು ಅಂತ ತೀರ್ಮಾನಿಸಿ, ತಡವಾಗುವವರಿಗೆ ತಾನೇ ಫೋನ್ ಮಾಡಿ ಹೇಳಿದ್ದ. "ಅದನ್ನ ಹೇಳೋದಾ ಅಣ್ಣಾ, ಲಾರಿ ಕತೆ?" ಅಂದ. ಅದನ್ನೇ ಹೇಳು ಅಂದೆ. ನಾನು ದಿನಾ ಮಾಡುವುದೂ ಅದೇ ಕೆಲಸ. ಏನಾಯಿತು, ನಿನ್ನ ಪಾಲಿಗೆ ಏನು ಬಂತು, ಏನು ಮಾಡಿದೆ, ಕೊನೆಗೆ ಏನಾಯಿತು, ಈ ಕ್ರಮದಲ್ಲಿ ಎರಡು ನಿಮಿಷ.

ಇಂಟರ್‌ವ್ಯೂ ಆನ್‌ಲೈನ್ ಆದರೆ, ದೋಹಾದ ಬೆಳಗ್ಗೆ 9 ನಮಗೆ 11:30, ದುಬೈನ 9 ನಮಗೆ 10:30. ಕರೆಂಟ್ ಹೋದರೂ ನಡೆಯುವ ಹಾಗೆ ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ಪಕ್ಕದಲ್ಲಿಡಿ.

ದುಡ್ಡು ಕೇಳಿದರೆ

ಆಯ್ಕೆ ಆಗಿದೆ, ಒಂದೂವರೆ ಲಕ್ಷ ಕಟ್ಟಿ ಅಂತ ಫೋನ್ ಬಂದರೆ ಅಲ್ಲಿಗೇ ನಿಲ್ಲಿಸಿ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಅವರು ತಗೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ತಾಣದಲ್ಲಿ ನೀವೇ ನೋಡಬಹುದು. ಇದನ್ನು ಮನೆಯವರಿಗೂ ಹೇಳಿ, ಏಕೆಂದರೆ ಹೊಲ ಅಡವಿಡಲು ಹೊರಡುವವರು ಅಪ್ಪ ಅಮ್ಮ.

ನಿಜವಾದ ಕರೆ ಬಂದಾಗ ಬೇಕಾಗುವ ಕಾಗದಗಳನ್ನು ಈಗಲೇ ಜೋಡಿಸಿಡಿ. ಪಾಸ್‌ಪೋರ್ಟ್, ಅಂಕಪಟ್ಟಿ, ಲೈಸೆನ್ಸ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ನಮ್ಮಲ್ಲಿ ತಂದೆಯ ಹೆಸರು, ಇನಿಷಿಯಲ್ ಹಿಂದುಮುಂದಾಗಿ ಎಷ್ಟೋ ಜನ ತಿಂಗಳುಗಟ್ಟಲೆ ಅಲೆದಿದ್ದಾರೆ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾದಲ್ಲೇ ಅರ್ಜಿ. ಯುಎಇ, ಕತಾರ್‌ಗೆ ಡಿಗ್ರಿ ಸರ್ಟಿಫಿಕೇಟ್ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ, ಆಮೇಲೆ ಆ ದೇಶದ ರಾಯಭಾರ ಕಚೇರಿಯದ್ದು.

ಇಂಟರ್‌ವ್ಯೂ ಮುಗಿದ ಸಂಜೆಯೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಮಾರನೆಯ ದಿನಕ್ಕೆ ಅರ್ಧ ಮರೆತಿರುತ್ತದೆ. ನಮ್ಮ ಹುಡುಗ ಮೊದಲ ಸುತ್ತು ಮುಗಿಸಿ ನಾಲ್ಕು ಪುಟ ಬರೆದು ತಂದಿದ್ದ. ಲಾರಿ ಕತೆ ಹೇಳಿದನಂತೆ, ಅದರ ಮೇಲೆ ಮೂರು ಪ್ರಶ್ನೆ ಬಂದವಂತೆ. ಎರಡನೇ ಸುತ್ತು ಗುರುವಾರ, 0600 ಜ಼ುಲು.