ಕ್ರೋಮ್ ಸ್ಲಡ್ಜ್ ಗೇಟಿನಿಂದ ವಾಪಸ್ ಬರುವುದನ್ನು ನಿಲ್ಲಿಸಿದ ಬಗೆ

ಲೋಹಕ್ಕೆ ಕ್ರೋಮ್, ನಿಕ್ಕಲ್ ಲೇಪ ಕೊಡುವ ಪೀಣ್ಯದ ಪ್ಲೇಟಿಂಗ್ ಘಟಕವೊಂದರಲ್ಲಿ ಇಟಿಪಿ, ಅಂದರೆ ತ್ಯಾಜ್ಯ ನೀರು ಶುದ್ಧೀಕರಿಸುವ ಸ್ಥಾವರ, ನೋಡಿಕೊಳ್ಳುವವನು ನಾನು. ಅಲ್ಲಿ ತಳಕ್ಕೆ ಕೂರುವ ಕೆಸರೇ ಸ್ಲಡ್ಜ್. ಸುಣ್ಣ ಕಡಿಮೆ ಮಾಡಿಯೇ ಟಿಸಿಎಲ್‌ಪಿ (ಸ್ಲಡ್ಜಿನಿಂದ ಲೋಹ ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆ) ಪಾಸು ಮಾಡಿಸುತ್ತೇನೆ ಎಂದಾಗ ಅಕ್ಕಪಕ್ಕದವರು ನಕ್ಕಿದ್ದರು. ಸುಣ್ಣ ಸುರಿದಷ್ಟೂ ಕ್ಷೇಮ ಎಂಬುದು ನಮ್ಮ ಬೀದಿಯ ನಂಬಿಕೆ. ಈಗ ವರ್ಷದ ಮೇಲಾಯಿತು, ವಿಲೇವಾರಿ ತಾಣದಿಂದ ನಮ್ಮ ಲೋಡು ಹಿಂದಿರುಗಿಲ್ಲ.

ಮೊದಲು ಎರಡು ಕಡೆಯೂ ಪೆಟ್ಟು ತಿಂದಿದ್ದೆವು. ಸ್ಲಡ್ಜಿನಲ್ಲಿ ಬಿಡಿ ನೀರಿದೆಯೇ ಎಂದು ನೋಡುವ ಪೇಂಟ್ ಫಿಲ್ಟರ್ ಪರೀಕ್ಷೆಯಲ್ಲಿ 5 ನಿಮಿಷ ಆಗುವ ಮುಂಚೆಯೇ ಹನಿ ಬೀಳುತ್ತಿತ್ತು. ಟಿಸಿಎಲ್‌ಪಿಯಲ್ಲಿ ಕ್ರೋಮಿಯಂ ಮಿತಿ ಲೀಟರಿಗೆ 5 ಮಿಲಿಗ್ರಾಂ. ನಮ್ಮದು ಏಳರ ಆಸುಪಾಸು. ಲೋಡು ವಾಪಸಾದರೆ ಎರಡು ಕಡೆಯ ಲಾರಿ ಬಾಡಿಗೆ, ಮತ್ತೆ ಲ್ಯಾಬ್ ಶುಲ್ಕ, ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಕೈಬಿಟ್ಟು ಹೋಗುತ್ತಿತ್ತು. ಅಪಾಯಕಾರಿ ತ್ಯಾಜ್ಯ ಇಟ್ಟುಕೊಳ್ಳುವ 90 ದಿನಗಳ ದಾಸ್ತಾನು ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ.

ತೊಂದರೆ ಇದ್ದದ್ದು ರಿಡಕ್ಷನ್ ಟ್ಯಾಂಕಿನಲ್ಲಿ, ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮನ್ನು ತಳಕ್ಕೆ ಕೂರಬಲ್ಲ ರೂಪಕ್ಕೆ ತಿರುಗಿಸುವ ಜಾಗದಲ್ಲಿ. ನೀರು ಹಸಿರಾಯಿತೆಂದು ಆಪರೇಟರ್ ವಾಲ್ವ್ ತೆರೆಯುತ್ತಿದ್ದ. ಉಳಿದ ಹೆಕ್ಸಾವೇಲೆಂಟ್ ಕ್ರೋಮ್ ಎಷ್ಟು ಸುಣ್ಣ ಹಾಕಿದರೂ ತಳಕ್ಕೆ ಕೂರುವುದಿಲ್ಲ. ಈಗ ಪಿಎಚ್ 2.5ಕ್ಕೆ ಇಳಿಸಿ, ಕ್ರೋಮಿನ ರೂಪ ಬದಲಿಸುವ ಮೆಟಾಬೈಸಲ್ಫೈಟ್ ಹಾಕಿ, ಅರ್ಧ ಗಂಟೆ ಬಿಡುತ್ತೇವೆ. ಆ ಕೆಲಸ ಮುಗಿಯಿತೇ ಎಂದು ತೋರಿಸಬೇಕಾದ ಓಆರ್‌ಪಿ ಮೀಟರೊಂದನ್ನೇ ನಂಬುವುದಿಲ್ಲ, ಅದರ ಪ್ರೋಬ್‌ಗೆ ಕೊಳೆ ಹಿಡಿದರೆ ಏನು ಬೇಕಾದರೂ ತೋರಿಸುತ್ತದೆ. ಬಿಳಿ ಟೈಲಿನ ಮೇಲೆ ಡೈಫಿನೈಲ್‌ಕಾರ್ಬಜೈಡ್ ಒಂದು ತೊಟ್ಟು: ನೇರಳೆ ಬಂದರೆ ಹೆಕ್ಸಾವೇಲೆಂಟ್ ಇನ್ನೂ ಉಳಿದಿದೆ, ವಾಲ್ವ್ ಮುಟ್ಟುವಂತಿಲ್ಲ. ಆಮೇಲೆ ಮೊದಲು ಕಾಸ್ಟಿಕ್ ಸೋಡಾ, ಕೊನೆಯಲ್ಲಿ ಸುಣ್ಣ, ಪಿಎಚ್ 8.5ಕ್ಕೆ ನಿಲ್ಲಿಸುವುದು. ಎರಡರ ಪ್ರಮಾಣ ಎಷ್ಟೆಂದು ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಕಾಸ್ಟಿಕ್ ಖರ್ಚು ಏರಿತು, ನಿಜ. ಆದರೆ ಸುಣ್ಣದಿಂದ ಹುಟ್ಟುವ ಜಿಪ್ಸಂ ಇಳಿದು ಕೇಕ್, ಅಂದರೆ ಹಿಂಡಿದ ಸ್ಲಡ್ಜ್, ಕಾಲು ಭಾಗದಷ್ಟು ಕಡಿಮೆಯಾಯಿತು.

ಇನ್ನು ನೀರು. ಟನ್ ಲೆಕ್ಕದಲ್ಲಿ ದುಡ್ಡು ಕೊಡುವವನು ನೀರಿಗೂ ಕೊಡುತ್ತಾನೆ. 70 ಶೇಕಡಾ ತೇವದ ಒಂದು ಟನ್ ಕೇಕ್ 40ಕ್ಕೆ ಇಳಿದರೆ ಅರ್ಧ ಟನ್. ಸಲಹೆಗಾರರು ಎಂಟು ಲಕ್ಷದ ಡ್ರೈಯರ್ ತೋರಿಸಿದರು. ನಾವು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಸೇರಿಸಿಕೊಂಡು, ಕೇಕನ್ನು ಬಿಸಿಲಿಗೆ ಒಣಗಿಸಲು ಸುಮಾರು ಒಂದೂವರೆ ಲಕ್ಷದಲ್ಲಿ ಪಾಲಿಕಾರ್ಬೊನೇಟ್ ಶೆಡ್ ಹಾಕಿದೆವು. ಸೋರಿದ್ದು ಇಟಿಪಿಗೇ ಹಿಂದಿರುಗುತ್ತದೆ. ಮಳೆಗಾಲದಲ್ಲಿ ಶೆಡ್ ಕೈಕೊಡುತ್ತದೆ, ಆಗ ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್‌ನಲ್ಲೇ ಗಾಳಿ ಹೊಡೆಯುತ್ತೇವೆ. 40ಕ್ಕಿಂತ ಕೆಳಗೆ ಒಣಗಿಸಬೇಡಿ, ಕ್ರೋಮ್ ಧೂಳು ಮೂಗಿಗೆ ಬರುತ್ತದೆ.

ಮಧ್ಯೆ ಸುಣ್ಣದ ಬದಲು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಹಾಕಿ ನೋಡಿದೆ. ಕೇಕ್ ಇಟ್ಟಿಗೆಯಂತೆ ಗಟ್ಟಿ, ಆದರೆ ಬಿಲ್ ನೋಡಿ ಮಾಲೀಕರು ಮುಖ ತಿರುಗಿಸಿದರು. ನಿಜವಾದ ಇಟ್ಟಿಗೆಗೆ ಬೆರೆಸುವ ಯೋಚನೆಯೂ ಇತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ 9ನೇ ನಿಯಮದಡಿ ತ್ಯಾಜ್ಯ ಬಳಸುವ ಅನುಮತಿಗೆ ಓಡಾಡುವ ತಾಳ್ಮೆ ನಮ್ಮಲ್ಲಿರಲಿಲ್ಲ. ಸದ್ಯಕ್ಕೆ ನಿಕ್ಕಲ್ ತೊಳೆದ ನೀರಿಗೆ ಬೇರೆ ಪೈಪ್ ಎಳೆಯುತ್ತಿದ್ದೇನೆ. ಕ್ರೋಮ್ ಬೆರೆಯದ ನಿಕ್ಕಲ್ ಸ್ಲಡ್ಜನ್ನು ಅಧಿಕೃತ ಮರುಬಳಕೆದಾರರು ಕೊಂಡರೆ, ಅದಕ್ಕೆ ದುಡ್ಡು ಕೊಡುವ ಬದಲು ಪಡೆಯಬಹುದು.